ಪ್ಯಾರಿಷ್ ಮನೆಯೂ ವಂಶಾವಳಿಯ ಶೋಧನೆಯೂ

ತಮ್ಮ ಹಿರಿಯರು ಯಾವ ಊರಿನಲ್ಲಿ, ಎಂಥ ಮನೆಯಲ್ಲಿ ಬಾಳಿದರೆಂಬದನ್ನು ತಿಳಿಯಬೇಕೆಂಬ ಆಸೆಯು ಎಲ್ಲ ದೇಶದವರಿಗೂ ಉಂಟು. ಇಂಗ್ಲೆಂಡಿನಲ್ಲಿ ಈ ಶೋಧನೆಗೆ ಕೈಹಾಕಿದವರಿಗೆ ಹಳೆಯ ದಫ್ತರಗಳಲ್ಲಿ 'ಪ್ಯಾರಿಷ್ ಮನೆಯಲ್ಲಿ ವಾಸ' ಎಂಬ ಮಾತು ದೊರೆಯುವದುಂಟು. ಇದನ್ನು ಕಂಡು ಕೆಲವರು ತಮ್ಮ ಪೂರ್ವಿಕನು ಪಾದ್ರಿಯಾಗಿದ್ದನೆಂದು ಹಿಗ್ಗುವರು. ಕೆಲವರು ವರ್ಕ್‌ಹೌಸ್ ಎಂಬ ಬಡವರ ದುಡಿಮೆಮನೆಯಲ್ಲಿ ಬಿದ್ದಿದ್ದನೆಂದು ನಾಚುವರು. ಅನೇಕ ವೇಳೆ ಈ ಎರಡೂ ತಪ್ಪು.

ಪ್ಯಾರಿಷ್ ಎಂದರೆ ಒಂದು ದೇವಾಲಯಕ್ಕೆ ಒಳಪಟ್ಟ ಸರಹದ್ದು. 1601ನೆಯ ಇಸವಿಯ ಕಾನೂನಿನ ಮೇರೆಗೆ ಪ್ರತಿಯೊಂದು ಪ್ಯಾರಿಷೂ ತನ್ನ ಬಡವರನ್ನು ತಾನೇ ಸಂರಕ್ಷಿಸಬೇಕಾಗಿತ್ತು. ಇದಕ್ಕಾಗಿ ನೇಮಿಸಲ್ಪಟ್ಟ ಮೇಲ್ವಿಚಾರಕರು ಊರವರಿಂದ ತೆರಿಗೆಯನ್ನೆತ್ತಿ, ಭೂಮಾಲಿಕನ ಸಮ್ಮತಿಯಿಂದ ಬಂಜರು ನೆಲದಲ್ಲಿ ಚಿಕ್ಕ ಮನೆಗಳನ್ನು ಕಟ್ಟಿಸಬಹುದಾಗಿತ್ತು. ಇಂಥ ಮನೆಗಳಲ್ಲಿ ವಿಧವೆಯರೂ, ಮುದುಕರೂ, ಬಹಳ ಮಕ್ಕಳುಳ್ಳ ಕೂಲಿಗಾರರೂ ತಮ್ಮ ಸ್ವಂತ ಒಲೆಯನ್ನು ಹಚ್ಚಿಕೊಂಡು ಸಂಸಾರ ಮಾಡುತ್ತಿದ್ದರು. ಪಾದ್ರಿಯ ನಿವಾಸವು ಬೇರೆ. ದಾನಿಗಳು ಬಿಟ್ಟ ಹಣದಿಂದ ನಡೆಯುವ ಧರ್ಮಮನೆಯೂ ಬೇರೆ.

ಈ ಮನೆಯು ಶೋಧಕನಿಗೆ ಒಂದು ಕೈಮರದಂತಿರುವದು. ಯಾತಕ್ಕೆಂದರೆ 1662ರ ಕಾನೂನಿನಿಂದ ಯಾರು ಯಾವ ಪ್ಯಾರಿಷಿಗೆ ಸೇರಿದವರೆಂಬದು ಬಹು ದೊಡ್ಡ ಪ್ರಶ್ನೆಯಾಯಿತು. ಭಾರವಾಗಬಹುದಾದ ಹೊಸಬರನ್ನು ಇಬ್ಬರು ನ್ಯಾಯಾಧಿಕಾರಿಗಳ ಆಜ್ಞೆಯಿಂದ ಅವರ ಸ್ವಂತ ಪ್ಯಾರಿಷಿಗೆ ಕಳುಹಿಸಿಬಿಡುವರು. ಮದುವೆಯಾದ ಸ್ತ್ರೀಗೆ ಗಂಡನ ಪ್ಯಾರಿಷೇ ಪ್ಯಾರಿಷು. ಹೀಗೆ ಗಂಡನನ್ನು ಕಳೆದುಕೊಂಡ ಬಡವೆಯು ತಾನೆಂದೂ ಕಾಣದ ಊರಿಗೆ ಮಕ್ಕಳೊಡನೆ ಹೋಗಬೇಕಾದದ್ದೂ ಉಂಟು. ಆದಕಾರಣ ಒಬ್ಬ ವಿಧವೆಯು ಪ್ಯಾರಿಷ್ ಮನೆಯಲ್ಲಿದ್ದಳೆಂದು ಕಂಡಮಾತ್ರಕ್ಕೆ ಅವಳ ದೀಕ್ಷಾಸ್ನಾನವನ್ನು ಆ ಊರಿನ ಪುಸ್ತಕದಲ್ಲಿಯೇ ಹುಡುಕಬಾರದು. ಮೊದಲು ಗಂಡನ ಮೂಲವನ್ನೂ, ಅವಳನ್ನು ಕಳುಹಿಸಿದ ಆಜ್ಞಾಪತ್ರವನ್ನೂ ನೋಡಬೇಕು.

1834ರಲ್ಲಿ ಕಾನೂನು ಬದಲಾಯಿತು. ಅನೇಕ ಪ್ಯಾರಿಷುಗಳನ್ನು ಒಕ್ಕೂಟಗಳಾಗಿ ಸೇರಿಸಿ ದೊಡ್ಡ ವರ್ಕ್‌ಹೌಸುಗಳನ್ನು ಏರ್ಪಡಿಸಿದರು; 1835ರ ಕಾನೂನು ಹಳೆಯ ಪ್ಯಾರಿಷ್ ಮನೆಗಳನ್ನು ಮಾರುವದಕ್ಕೆ ಅನುಮತಿಸಿತು. ಅದುವರೆಗೆ ಒಂದೇ ಮನೆಯಲ್ಲಿದ್ದ ಕುಟುಂಬವು 1841ರ ಜನಗಣತಿಯಲ್ಲಿ ಅಲ್ಲಿ ಕಾಣದಿದ್ದರೆ, ಮನೆಯು ಮಾರಲ್ಪಟ್ಟಿತೋ ಎಂದು ವಿಚಾರಿಸುವದು ಯುಕ್ತ.

ಮೇಲ್ವಿಚಾರಕರ ಲೆಕ್ಕದ ಪುಸ್ತಕಗಳಲ್ಲಿ ಉಳಿದಿರುವವು ಈಗ ಬಹುಮಟ್ಟಿಗೆ ಜಿಲ್ಲಾ ದಫ್ತರಖಾನೆಗಳಲ್ಲಿರುವವು. ಬಾಡಿಗೆ, ಸೌದೆ, ಮಾಡಿನ ಹುಲ್ಲು ಎಂಬ ಸಣ್ಣ ಖರ್ಚುಗಳ ನಡುವೆ ಬಡವರ ಹೆಸರುಗಳು ದೊರೆಯುವವು. ಆಸ್ತಿಯಿಲ್ಲದವರು ಪತ್ರವನ್ನಾಗಲಿ ಉಯಿಲನ್ನಾಗಲಿ ಬಿಟ್ಟುಹೋಗುವದು ಅಪರೂಪ. ಅವರ ಬಾಳಿಗೆ ಈ ಲೆಕ್ಕವೇ ಸಾಕ್ಷಿ. ಅದನ್ನು ನಾಚಿಕೆಯಿಂದ ಮುಚ್ಚಿಡದೆ ಆದರದಿಂದ ಓದತಕ್ಕದ್ದು.