ನಿಮಗಿದು ಗೊತ್ತೆ? ಮರೆವಿನ ಕಾಯಿಲೆ ಒಂದೇ ಅಲ್ಲ

‘ಅರವತ್ತಕ್ಕೆ ಅರಳು ಮರಳು’ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಡಿಮೆನ್ಷಿಯಾ ಮುಪ್ಪಿನ ಸಹಜ ಲಕ್ಷಣವಲ್ಲ, ಒಂದೇ ಕಾಯಿಲೆಯೂ ಅಲ್ಲ. ಮಿದುಳಿನ ಹಲವು ಕಾಯಿಲೆಗಳಿಂದ ಬರುವ ಸ್ಥಿತಿಗೆ ಅದು ಒಟ್ಟು ಹೆಸರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಇದಿದೆ.

ದೊಡ್ಡ ಪಾಲು ಆಲ್‌ಝೈಮರ್ ಕಾಯಿಲೆಯದು: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶೇ 60ರಿಂದ 70. ಉಂಡು ಕೈ ತೊಳೆದ ಅಜ್ಜಿ ಹತ್ತೇ ನಿಮಿಷಕ್ಕೆ ‘ಇನ್ನೂ ಊಟಕ್ಕೆ ಹಾಕಿಲ್ವೇನೇ?’ ಎಂದು ಕೇಳುತ್ತಾರೆ. ಐವತ್ತು ವರ್ಷದ ಹಿಂದಿನ ಮದುವೆಯನ್ನು ಮಾತ್ರ ಚಾಚೂ ತಪ್ಪದೆ ವರ್ಣಿಸುತ್ತಾರೆ. ಹೊಸ ನೆನಪು ಮೊದಲು ಅಳಿಸಿಹೋಗುವುದೇ ಇದರ ರೀತಿ.

ಎರಡನೆಯದು ವ್ಯಾಸ್ಕ್ಯುಲರ್ ಡಿಮೆನ್ಷಿಯಾ. ಮಿದುಳಿನ ರಕ್ತನಾಳ ಕೆಟ್ಟು ಬರುವಂಥದ್ದು. ಬಿಪಿ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಇದಕ್ಕೆ ದಾರಿ ಮಾಡಿಕೊಡುತ್ತವೆ. ತೀರಾ ವಯಸ್ಸಾದವರಲ್ಲಿ ಇವೆರಡೂ ಒಟ್ಟಿಗೇ ಇರುವುದು ಅಪರೂಪವೇನಲ್ಲ.

ಲೂಯಿ ಬಾಡಿ ಡಿಮೆನ್ಷಿಯಾ ಇನ್ನೂ ಕಡಿಮೆ. ‘ಮೂಲೆಯಲ್ಲಿ ಯಾವುದೋ ಮಗು ಕೂತಿದೆ ನೋಡು’ ಎಂದು ತಾತ ಹೇಳಿದರೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಬೇಡಿ, ನರರೋಗ ತಜ್ಞರಿಗೆ ತೋರಿಸಿ. ಇಲ್ಲದ್ದು ಕಣ್ಣಿಗೆ ಕಾಣುವುದು ಈ ಕಾಯಿಲೆಯ ಮುಖ್ಯ ಲಕ್ಷಣಗಳಲ್ಲೊಂದು.

ಫ್ರಂಟೊಟೆಂಪೊರಲ್ ಬಗೆ ಹೆಚ್ಚಾಗಿ 65ರೊಳಗೇ ಶುರುವಾಗುತ್ತದೆ. ನೆನಪಿಗಿಂತ ಮೊದಲು ನಡತೆಯೋ ಮಾತೋ ಕೆಡುತ್ತದೆ.

ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರಬಹುದು. ಸಾದಾ ರಕ್ತಪರೀಕ್ಷೆಯಲ್ಲೇ ಇವು ಗೊತ್ತಾಗುತ್ತವೆ, ಬೇಗ ಚಿಕಿತ್ಸೆ ಸಿಕ್ಕರೆ ಸುಧಾರಿಸಲೂಬಹುದು.