ಯಾರ ಅಳತೆ, ಯಾರ ಮೈ?

ಹಳಿಯಾಳದ ಸಂತೆಯಲ್ಲಿ ಒಂದು ಗಳಿಗೆ ನಿಂತು ನೋಡಿದರೆ ಕರ್ನಾಟಕದಲ್ಲಿ ಬೇರೆಲ್ಲೂ ಸುಲಭವಾಗಿ ಕಾಣಸಿಗದ ಜನಸಮೂಹ ಕಣ್ಣಿಗೆ ಬೀಳುತ್ತದೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದು, ಕಾಡು ಸೇರಿ, ಇಲ್ಲಿಯವರೇ ಆಗಿಹೋದ ಸಿದ್ದಿಗಳು. ಎಮ್ಮೆಗಳ ಹಿಂಡಿನೊಂದಿಗೆ ಮಹಾರಾಷ್ಟ್ರದ ಕಡೆಯಿಂದ ಬಂದ ಗೌಳಿಗರು. ಜೋಯಿಡಾ ಕಾಡಿನಂಚಿನಲ್ಲಿ ಗೆಡ್ಡೆಗೆಣಸು ಬೆಳೆಯುವ ಕುಣಬಿಗಳು. ದಾಂಡೇಲಿಯ ಕಾಗದದ ಕಾರ್ಖಾನೆಯನ್ನು ನಂಬಿ ಹಲವು ಸೀಮೆಗಳಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು. ಮುಂಡಗೋಡಕ್ಕೆ ಹೋದರೆ 1966ರಲ್ಲಿ ಆರಂಭವಾದ ಟಿಬೆಟನ್ನರ ವಸತಿ, ಡ್ರೆಪುಂಗ್ ಮತ್ತು ಗಾದೆನ್ ಮಠಗಳು. ಇವರ ಪೂರ್ವಿಕರು ಬೇರೆ, ಊಟ ಬೇರೆ, ದುಡಿಮೆ ಬೇರೆ. ಆದರೆ ಸಕ್ಕರೆ ಕಾಯಿಲೆಯ ಶಂಕೆಯಿಂದ ಆಸ್ಪತ್ರೆಗೆ ಹೋದಾಗ ಎಲ್ಲರೂ ಹತ್ತುವುದು ಒಂದೇ ತೂಕದ ಯಂತ್ರವನ್ನು. ಸೊಂಟಕ್ಕೆ ಸುತ್ತುವುದು ಒಂದೇ ಟೇಪು. ಇಷ್ಟಿದ್ದರೆ ಸರಿ, ಇಷ್ಟಾದರೆ ಹೆಚ್ಚು ಎಂದು ತೀರ್ಪು ಕೊಡುವ ಗೆರೆಯೂ ಒಂದೇ.

ಆ ಗೆರೆಯನ್ನು ಎಳೆದವರು ಯಾರು?

ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸುವ ಸೂತ್ರ ಬೆಲ್ಜಿಯಂನ ಗಣಿತಜ್ಞ ಕೆತಲೆಯದು; 19ನೇ ಶತಮಾನದ್ದು. ಅವನಿಗೆ ರೋಗದ ಚಿಂತೆಯಿರಲಿಲ್ಲ, 'ಸರಾಸರಿ ಮನುಷ್ಯ' ಹೇಗಿರುತ್ತಾನೆಂಬ ಕುತೂಹಲವಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ 'ಬಾಡಿ ಮಾಸ್ ಇಂಡೆಕ್ಸ್' ಎಂದು ಹೆಸರಿಟ್ಟ. ಲೆಕ್ಕ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು ಎಂಬ ಗೆರೆಗಳು ಬಹುಮಟ್ಟಿಗೆ ಯುರೋಪು, ಅಮೆರಿಕಗಳ ಜನರನ್ನು ನೋಡಿ ಎಳೆದವು.

ಈ ಗೆರೆಯ ಕೊರತೆಯನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಒಂದು ಛಾಯಾಚಿತ್ರದಲ್ಲಿ ತೋರಿಸಿಬಿಟ್ಟರು. 2004ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದ ಆ ಚಿತ್ರದಲ್ಲಿರುವುದು ಇಬ್ಬರೇ: ಯಾಜ್ಞಿಕ್ ಮತ್ತು ಅವರ ಗೆಳೆಯ, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಸೂಚ್ಯಂಕವೂ 22.3. ಕಣ್ಣಳತೆಗೆ ಇಬ್ಬರೂ ತೆಳ್ಳಗೆ. ಆದರೆ ಒಳಗಿನ ಕೊಬ್ಬನ್ನು ಅಳೆದಾಗ ಯುಡ್ಕಿನ್ ಮೈಯಲ್ಲಿ ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2! ಮೇಲೆ ಸಣಕಲು, ಒಳಗೆ ಕೊಬ್ಬು. ಇದು ಭಾರತೀಯ ದೇಹದ ಒಂದು ಗುಣವೆಂದು ಅವರ ವಾದ. ಪುಣೆಯ ಹಳ್ಳಿಗಳಲ್ಲಿ ಹುಟ್ಟುವ ಮಕ್ಕಳಲ್ಲೇ ಅದು ಕಾಣುತ್ತಿತ್ತು. ಅಲ್ಲಿ ಶಿಶುವಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನಲ್ಲಿ 3.5 ಕಿಲೋ. ಕಡಿಮೆ ಬಿದ್ದದ್ದು ಹೆಚ್ಚಾಗಿ ಮಾಂಸಖಂಡದಲ್ಲಿ. ಚರ್ಮದಡಿಯ ಕೊಬ್ಬು ಅಷ್ಟಾಗಿ ಕುಗ್ಗಿರಲಿಲ್ಲ.

2009ರಲ್ಲಿ ನಮ್ಮ ವೈದ್ಯರು ಗೆರೆಯನ್ನು ಕೆಳಗಿಳಿಸಿದರು. ಭಾರತೀಯರಿಗೆ 23 ದಾಟಿದರೇ ಅತಿತೂಕ, 25 ಮುಟ್ಟಿದರೆ ಬೊಜ್ಜು. ಸೊಂಟ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. 165 ಸೆಂಟಿಮೀಟರ್ ಎತ್ತರದವನಿಗೆ ಎಚ್ಚರಿಕೆಯ ಗಂಟೆ 68 ಕಿಲೋಗೆ ಬದಲು 63ರ ಸುಮಾರಿಗೇ ಬಾರಿಸಿತು ಎಂದಾಯಿತು. ಈ ಒಮ್ಮತದ ಹೇಳಿಕೆ ಪ್ರಕಟವಾದದ್ದು ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಹೆಸರಾಂತ ವಿದೇಶಿ ಪತ್ರಿಕೆಗಳ ಮುಂದೆ ಇಂಥ ದೇಶೀಯ ಪತ್ರಿಕೆಗಳನ್ನು ಎರಡನೆಯ ದರ್ಜೆಯವೆಂದು ಬದಿಗೆ ಸರಿಸುವುದು ನಮ್ಮ ವೈದ್ಯಲೋಕದಲ್ಲೂ ಉಂಟು. 1972ರಲ್ಲಿ ಹುಟ್ಟಿದ ಮಧುಮೇಹ ಸಂಶೋಧನಾ ಸಂಘ ತನ್ನ ಪತ್ರಿಕೆಯ ಹೆಸರಿನಲ್ಲೇ 'ಅಭಿವೃದ್ಧಿಶೀಲ ದೇಶಗಳ ಮಧುಮೇಹ' ಎಂದು ಬರೆದುಕೊಂಡಿತು. ನಿರ್ನಾಳ ಗ್ರಂಥಿಗಳ ತಜ್ಞರ ಸಂಘವೂ ಹಾರ್ಮೋನು, ಚಯಾಪಚಯ ಕುರಿತ ತನ್ನದೇ ಪತ್ರಿಕೆಯನ್ನು ನಡೆಸುತ್ತಿದೆ. ಅದನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು. ತಾಲ್ಲೂಕು ಆಸ್ಪತ್ರೆಯ ವೈದ್ಯನಿಗೆ ಇದು ಸಣ್ಣ ಮಾತಲ್ಲ.

ಊರಿನ ಲೆಕ್ಕ ಊರಿನದೇ ಆಗಿರಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಿದೆ. 1906ರಲ್ಲಿ ಆರಂಭವಾದ ಈ ಹೆರಿಗೆ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡು ಬಂದರು. ಬರೆದ ದಾದಿಯರಿಗೆ ಸಂಶೋಧನೆಯ ಉದ್ದೇಶವಿತ್ತೆನ್ನಲು ಕಾರಣವಿಲ್ಲ. ಅದು ದಿನದ ಕೆಲಸ, ಅಷ್ಟೇ.

ಇದೇ ಬಗೆಯ ಹಳೆಯ ಲೆಕ್ಕ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲೂ ಇತ್ತು, 1911ರಿಂದ ಆರಂಭವಾದದ್ದು. ಅದನ್ನು ಹಿಡಿದು ಡೇವಿಡ್ ಬಾರ್ಕರ್ ಎಂಬ ವೈದ್ಯ ಒಂದು ದೊಡ್ಡ ಮಾತು ಹೇಳಿದ: ಗರ್ಭದಲ್ಲಿ ಸಾಕಷ್ಟು ಪೋಷಣೆ ಸಿಗದೆ ಸಣ್ಣದಾಗಿ ಹುಟ್ಟಿದ ಮಗು ದೊಡ್ಡದಾದಾಗ ಹೃದಯರೋಗ, ಮಧುಮೇಹಗಳಿಗೆ ಸುಲಭವಾಗಿ ತುತ್ತಾಗುತ್ತದೆ. ಹಸಿವೆಯನ್ನೇ ನಿರೀಕ್ಷಿಸಿ ಕಟ್ಟಿಕೊಂಡ ಮೈಗೆ ಮುಂದೆ ಹೊಟ್ಟೆತುಂಬ ಸಿಕ್ಕರೆ ನಿಭಾಯಿಸಲು ಬಾರದು. ಇದು ಇಂಗ್ಲೆಂಡಿನ ಮಾತು. ಮೈಸೂರಿಗೂ ಹೊಂದೀತೆ?

ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರೂ ಮೈಸೂರಿನ ಆಸ್ಪತ್ರೆಯವರೂ ಕೂಡಿ ಹಳೆಯ ರಿಜಿಸ್ಟರುಗಳನ್ನು ತೆರೆದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತಲೇ ವಾಸವಾಗಿದ್ದವರನ್ನು ಮನೆಮನೆಗೆ ಹೋಗಿ ಹುಡುಕಿದರು. ಸಿಕ್ಕ 517 ಮಂದಿಯ ಹೃದಯ ಪರೀಕ್ಷೆಯ ಫಲಿತಾಂಶ 1996ರಲ್ಲಿ ಹೊರಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ರೋಗ, 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇಕಡಾ 3ಕ್ಕೆ ಮಾತ್ರ. ಬಾರ್ಕರ್ ಗೆದ್ದಂತಾಯಿತು.

ಆದರೆ 1998ರಲ್ಲಿ ಮಧುಮೇಹದ ಲೆಕ್ಕ ಬಂದಾಗ ಕಥೆ ತಿರುಗಿತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡದ್ದು ತೂಕ ಕಡಿಮೆಯಿದ್ದ ಶಿಶುಗಳಲ್ಲಲ್ಲ. ಉದ್ದ ಕಡಿಮೆಯಿದ್ದು, ಆ ಉದ್ದಕ್ಕೆ ಗುಂಡುಗುಂಡಾಗಿ ಹುಟ್ಟಿದವರಲ್ಲಿ. ಅವರ ತಾಯಂದಿರೂ ತೂಕವುಳ್ಳವರು. ಗುಂಡು ಮಗುವೆಂದರೆ ಆರೋಗ್ಯವಂತ ಮಗು ಎಂದು ದೃಷ್ಟಿಬೊಟ್ಟು ಇಡುವ ನಾಡಿನಲ್ಲಿ ಇದು ಸೋಜಿಗದ ಸುದ್ದಿ. ಆ ತಾಯಂದಿರಲ್ಲೇ ಗೊತ್ತಾಗದ ಸಕ್ಕರೆಯಿತ್ತೇನೋ, ಅದು ಗರ್ಭದಲ್ಲೇ ಮಗುವನ್ನು ತಟ್ಟಿತೇನೋ ಎಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸಲು 1997–98ರಲ್ಲಿ ಅದೇ ಆಸ್ಪತ್ರೆಯ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ರಕ್ತ ನೋಡಿದಾಗ ಶೇಕಡಾ 6.2 ಮಂದಿಯಲ್ಲಿ ಗರ್ಭಕಾಲದ ಮಧುಮೇಹ ಪತ್ತೆಯಾಯಿತು. ಅವರ ಮಕ್ಕಳು ಒಂಬತ್ತು ಹತ್ತು ವರ್ಷಕ್ಕೆ ಬಂದಾಗ ಉಳಿದ ಮಕ್ಕಳಿಗಿಂತ ಅವರ ಮೈಯಲ್ಲಿ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಮಾತು ಕೇಳುವುದು ಕಡಿಮೆಯಾಗಿತ್ತು. ಹರ್ಟ್‌ಫರ್ಡ್‌ಶೈರ್ ರಿಜಿಸ್ಟರನ್ನೇ ನಂಬಿ ಕುಳಿತಿದ್ದರೆ ಈ ತಾಯಂದಿರ ಮೇಲೆ ಯಾರ ಗಮನವೂ ಹರಿಯುತ್ತಿರಲಿಲ್ಲ. ಮೈಸೂರಿನ ದಾದಿಯರು ಬರೆದ ಲೆಕ್ಕ ಅಚ್ಚಾದದ್ದು ಮಾತ್ರ ಇಂಗ್ಲೆಂಡಿನ ಪತ್ರಿಕೆಗಳಲ್ಲಿ.

ಇದು ತಾಯಿ, ಮಗು ಗುಂಡಾಗಿರುವವರ ಕಥೆ. ಜೋಯಿಡಾದ ಕಾಡಿನಲ್ಲಿ ದಿನವೆಲ್ಲ ದುಡಿದು ಮೈ ಒಣಗಿದವನಿಗೆ ಸಕ್ಕರೆ ಬಂದರೆ?

ತೆಳ್ಳಗಿನ ಮಧುಮೇಹಿ ನಮಗೆ ಹೊಸಬನಲ್ಲ. ಹುಟ್ಟಿನಿಂದ ಬಂದ ಪ್ರಮೇಹದವನು ಕೃಶ, ಅಪಥ್ಯದಿಂದ ಬಂದದ್ದಾದರೆ ಸ್ಥೂಲ ಎಂದು ಸುಶ್ರುತ ಸಂಹಿತೆಯೇ ಎರಡು ಬಗೆ ಹೇಳಿದೆ. ಆಧುನಿಕ ವೈದ್ಯದಲ್ಲಿ 1955ರಲ್ಲಿ ಹ್ಯೂ-ಜೋನ್ಸ್ ಎಂಬ ವೈದ್ಯ ಜಮೈಕಾದಲ್ಲಿ ಈ ಎರಡು ಮಾದರಿಗಳಿಗೂ ಸೇರದ ರೋಗಿಗಳನ್ನು ಕಂಡ. ಬಡವರು, ಸಣಕಲರು, ಚಿಕ್ಕ ವಯಸ್ಸಿನವರು. ಕೇರಳದಲ್ಲಿ ಗೀವರ್ಗೀಸ್ ಎಂಬ ವೈದ್ಯರು ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಸಕ್ಕರೆ ಕಾಯಿಲೆ ಬಂದ ಬಡ ರೋಗಿಗಳ ಬಗ್ಗೆ 1968ರಲ್ಲಿ ಪುಸ್ತಕವನ್ನೇ ಬರೆದರು. ಮರಗೆಣಸಿನಲ್ಲಿರುವ ಸಯನೈಡ್ ಅಂಶದ ಮೇಲೆ ಅನುಮಾನ ಬಿತ್ತು. ಮರಗೆಣಸು ತಿನ್ನದ ಕಡೆಯೂ ಅಂಥ ರೋಗಿಗಳು ಸಿಕ್ಕಿದ್ದರಿಂದ ಆ ಆರೋಪ ನಿಲ್ಲಲಿಲ್ಲ. (ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಸಾಲಾಗಿ ಜೋಡಿಸಿಡುವ ಮುಡ್ಲಿ, ಕೋನ್‌ಗಳು ಕೆಸು, ಕಾಡುಗೆಣಸಿನ ಜಾತಿಯವು, ಅವುಗಳ ಮೇಲೆ ಈ ಅಪವಾದ ಇರಲೇ ಇಲ್ಲ.)

1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 'ಅಪೌಷ್ಟಿಕತೆಯ ಮಧುಮೇಹ' ಎಂಬುದನ್ನು ತನ್ನ ಪಟ್ಟಿಗೆ ಸೇರಿಸಿತು. 1999ರಲ್ಲಿ, ಪುರಾವೆ ಸಾಲದೆಂದು ತೆಗೆದುಹಾಕಿತು. ಪುರಾವೆ ಎಲ್ಲಿಂದ ಬರಬೇಕು? ಹಸಿದವರ ಊರಿನಲ್ಲಿ ಪ್ರಯೋಗಾಲಯವಿರುವುದಿಲ್ಲ, ಪ್ರಯೋಗಾಲಯವಿರುವ ಊರಿನಲ್ಲಿ ಹಸಿದವರು ಕಾಣುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇವೆರಡೂ ಒಂದೆಡೆ ಸೇರಿದವು. ಅಲ್ಲಿಯ ವೈದ್ಯರು ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ಅವರೊಡನೆ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಈ ಸಣಕಲು ರೋಗಿಗಳಲ್ಲಿ ಇನ್ಸುಲಿನ್ ಒಸರುವುದು ಬಹಳ ಕಡಿಮೆ, ಆದರೆ ಒಸರಿದ್ದಕ್ಕೆ ಮೈ ಚೆನ್ನಾಗಿಯೇ ಓಗೊಡುತ್ತದೆ. ಯಕೃತ್ತಿನಲ್ಲಿ ಕೊಬ್ಬೂ ಕಡಿಮೆ ಎಂದು ತಿಳಿಯಿತು. 2025ರ ಏಪ್ರಿಲಿನಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಇದನ್ನು 'ಟೈಪ್ 5' ಎಂದು ಗುರುತಿಸಿತು. ತಜ್ಞರೆಲ್ಲ ಒಪ್ಪಿದ್ದಾರೆಂದಲ್ಲ, ವಾದ ನಡೆದೇ ಇದೆ.

ವಾದ ಪಂಡಿತರದ್ದಾದರೂ ಪರಿಣಾಮ ರೋಗಿಯ ತಟ್ಟೆಯ ಮೇಲೆ. ಸಣಕಲನಿಗೂ ಸಾಮಾನ್ಯ ಸಕ್ಕರೆ ಕಾಯಿಲೆಯ ಚೀಟಿ ಬರೆದುಕೊಟ್ಟು 'ಅನ್ನ ಕಡಿಮೆ ಮಾಡಿ, ತೂಕ ಇಳಿಸಿ' ಎಂದರೆ ಅವನು ಇಳಿಸುವುದಾದರೂ ಏನನ್ನು? ಹೊತ್ತಿಗೆ ಸರಿಯಾಗಿ ಊಟ ಸಿಗದವನಿಗೆ ಇನ್ಸುಲಿನ್ ಹೆಚ್ಚಾಗಿ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೇ ಸಂಚಕಾರ.

ಸಿದ್ದಿಗಳ ವಿಷಯದಲ್ಲಿ ಗೆರೆ ಎಳೆಯುವುದು ಇನ್ನೂ ತೊಡಕು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಅವರಲ್ಲಿ ಆಫ್ರಿಕದ ಬಂಟು ಮೂಲವೇ ಪ್ರಧಾನವೆಂದೂ, ಅದರೊಡನೆ ಭಾರತೀಯ ಹಾಗೂ ಯುರೋಪಿಯನ್ ಬೆರಕೆಯಿದೆಯೆಂದೂ ಹೇಳಿತು. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಭಾರತೀಯರ 23 ಅವರಿಗೆ ಸಲ್ಲಬೇಕೋ, ಹೊರಗಿನವರ 25 ಸಲ್ಲಬೇಕೋ ಎಂಬುದನ್ನು ಪಂಗಡಗಳ ಪಟ್ಟಿ ನೋಡಿ ತೀರ್ಮಾನಿಸಲಾಗದು. ಹಾಗೆಯೇ ಎತ್ತರದ ತಂಪು ನಾಡಿನಲ್ಲಿ ಬಾರ್ಲಿ ಹಿಟ್ಟು, ಬೆಣ್ಣೆ ಚಹಾಗಳಿಗೆ ಒಗ್ಗಿದ ವಂಶದವರು ಮುಂಡಗೋಡದ ಬಯಲಿನಲ್ಲಿ ಅನ್ನಕ್ಕೆ ಬಂದ ಮೇಲೆ ಅವರ ಮೈ ಏನು ಹೇಳುತ್ತಿದೆ ಎಂಬುದೂ ಅಳೆದೇ ತಿಳಿಯಬೇಕಾದ್ದು. 2023ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು. ಪಟ್ಟಣದಲ್ಲಿ ಶೇಕಡಾ 16.4, ಹಳ್ಳಿಯಲ್ಲಿ 8.9. ಎಪ್ಪತ್ತರ ದಶಕದ ಸಮೀಕ್ಷೆಯಲ್ಲಿ ಈ ಅಂಕಿಗಳು 2.1 ಮತ್ತು 1.5 ಇದ್ದವು. ಅಳತೆಯ ವಿಧಾನ ಬದಲಾಗಿದ್ದರೂ ದಿಕ್ಕು ಸ್ಪಷ್ಟ. ಆದರೆ ಇಂಥ ಸರಾಸರಿಯಲ್ಲಿ ಗೌಳಿವಾಡವೂ ದಾಂಡೇಲಿಯ ಕಾರ್ಖಾನೆ ಕಾಲೊನಿಯೂ ಬೆರೆತುಹೋಗುತ್ತವೆ.

ಇಂದು ಈ ತಾಲ್ಲೂಕುಗಳಲ್ಲಿ ಹೆರಿಗೆಯಾದ ಕೂಡಲೇ ಶಿಶುವನ್ನು ತೂಗಿ, ತಾಯಿ ಕಾರ್ಡಿನಲ್ಲೂ ಆಸ್ಪತ್ರೆಯ ಪುಸ್ತಕದಲ್ಲೂ ಬರೆಯುತ್ತಾರೆ. 1934ರಲ್ಲಿ ಮೈಸೂರಿನಲ್ಲಿ ಬರೆದದ್ದಕ್ಕೆ ಅರ್ಥ ಬಂದದ್ದು ಅರವತ್ತು ವರ್ಷಗಳ ಮೇಲೆ. ಜೋಯಿಡಾದ ಮಳೆಯಲ್ಲಿ ಅರವತ್ತು ವರ್ಷ ಒಂದು ರಿಜಿಸ್ಟರ್ ಗೆದ್ದಲಿಗೂ ಬೂಷ್ಟಿಗೂ ಸಿಗದೆ ಉಳಿಯಬೇಕಾದರೆ ಅದಕ್ಕೊಂದು ಬೀರು, ಬೀಗ, ಮತ್ತು ಅದನ್ನು ರದ್ದಿಗೆ ಹಾಕದ ಒಬ್ಬ ಗುಮಾಸ್ತ ಬೇಕು.