ಬಾಲದ ತುದಿಯಲ್ಲಿದೆ ಗುರುತು

ಮಳೆಗಾಲ ಹಿಡಿದ ಮೇಲೆ ಮಲೆನಾಡಿನ ಹಳ್ಳದ ಬದಿಯಲ್ಲೋ ಬಯಲುಸೀಮೆಯ ಕೆರೆಕೋಡಿಯ ಕೆಳಗೋ ಕ್ಯಾಮೆರಾ ಹಿಡಿದು ಕೆಸರಿನಲ್ಲಿ ಮೊಣಕಾಲೂರಿ ಕುಳಿತವರು ಈಚೀಚೆಗೆ ಕಣ್ಣಿಗೆ ಬೀಳುತ್ತಾರೆ. ದಾರಿಹೋಕರು ಹಕ್ಕಿ ಎಲ್ಲಿದೆ ಎಂದು ಮರದ ಮೇಲೆ ಹುಡುಕುತ್ತಾರೆ. ಇವರ ನೋಟವಿರುವುದು ನೀರಿನಿಂದ ಗೇಣುದ್ದ ಮೇಲೆ, ಹುಲ್ಲೆಸಳಿಗೆ ಅಂಟಿಕೊಂಡು ಕೂತ ಸೂಜಿಯಂಥ ಒಂದು ಕೀಟದ ಮೇಲೆ. ಅದು ಡ್ಯಾಮ್ಸೆಲ್‌ಫ್ಲೈ.

ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಡ್ರ್ಯಾಗನ್‌ಫ್ಲೈಗೆ ಇದು ಹತ್ತಿರದ ಸಂಬಂಧಿ. ಎರಡೂ ಒಡೊನೇಟಾ ಎಂಬ ಗಣಕ್ಕೆ ಸೇರಿದವು. ಡ್ರ್ಯಾಗನ್‌ಫ್ಲೈಯದು ಗಟ್ಟಿಮುಟ್ಟು ದೇಹ. ಬಹುಪಾಲು ಪ್ರಭೇದಗಳಲ್ಲಿ ಎರಡೂ ಕಣ್ಣುಗಳು ನೆತ್ತಿಯ ಮೇಲೆ ಕೂಡಿಕೊಂಡಿರುತ್ತವೆ, ಕೂತಾಗ ರೆಕ್ಕೆಗಳು ಅಡ್ಡಲಾಗಿ ಚಾಚಿರುತ್ತವೆ. ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ತಲೆಯ ಎರಡು ತುದಿಗೆ ದೂರವಾಗಿ ಸರಿದಿವೆ. ಮುಂದಿನ ರೆಕ್ಕೆ, ಹಿಂದಿನ ರೆಕ್ಕೆ ಸುಮಾರಾಗಿ ಒಂದೇ ಆಕಾರ. ಕೂತೊಡನೆ ಅವು ಬೆನ್ನ ಮೇಲೆ ಮಡಚಿಕೊಳ್ಳುತ್ತವೆ. ಲೆಸ್ಟೆಸ್‌ನಂಥ ಕೆಲವು ಕುಲದವು ಮಾತ್ರ ಈ ನಿಯಮ ಮೀರಿ ರೆಕ್ಕೆಯನ್ನು ಅರ್ಧ ತೆರೆದೇ ಕೂರುತ್ತವೆ.

ಇಷ್ಟು ತಿಳಿದರೆ ಇದು ಡ್ಯಾಮ್ಸೆಲ್‌ಫ್ಲೈ ಎಂದು ಯಾರಾದರೂ ಹೇಳಬಹುದು. ಯಾವ ಡ್ಯಾಮ್ಸೆಲ್‌ಫ್ಲೈ ಎಂದು ಹೇಳುವಾಗಲೇ ಕಷ್ಟ ಶುರುವಾಗುವುದು. ಪಶ್ಚಿಮ ಘಟ್ಟದಲ್ಲಿ ಒಡೊನೇಟಾದ ಸುಮಾರು 200 ಪ್ರಭೇದಗಳಿವೆ. ಅವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತು ಎಷ್ಟೋ ಸಲ ಒಂದು ಮಿಲಿಮೀಟರಿನೊಳಗೆ ಅಡಗಿರುತ್ತದೆ. ಅದನ್ನು ಜೀವಂತ ಕೀಟದಲ್ಲಿ, ಮುಟ್ಟದೆ, ಹಿಡಿಯದೆ ಫೋಟೊದಲ್ಲಿ ಕಾಣಿಸುವುದೇ ಈ ಹವ್ಯಾಸದ ಕಸುಬು.

ಬಣ್ಣವನ್ನು ನಂಬಬೇಡಿ

ಕಲಿಯಲು ಊರಿನ ಕೆರೆ, ಗದ್ದೆಬದುವೇ ಸಾಕು. ನಿಂಬೆ ಹಳದಿ ಬಾಲ, ಹಸಿರು ಮಿಶ್ರಿತ ಎದೆಯ ಕೋರಮಂಡಲ್ ಮಾರ್ಷ್ ಡಾರ್ಟ್ ನಮ್ಮಲ್ಲಿ ಎಲ್ಲೆಡೆ ಇದೆ. ಬಾಲದ ಮೇಲೆ ಒಂದೂ ಮಚ್ಚೆ ಇಲ್ಲದ ಗಂಡನ್ನು ಮೊದಲ ನೋಟಕ್ಕೇ ಹೆಸರಿಸಬಹುದು. ಪೊದೆಗಳ ನೆರಳಲ್ಲಿ ಹಳದಿ ಕಾಲಿನ ಯೆಲ್ಲೊ ಬುಷ್ ಡಾರ್ಟ್ ಸಿಗುತ್ತದೆ. ಅದರ ಪಕ್ಕದಲ್ಲೇ ಸುಣ್ಣ ಬಳಿದ ಹಾಗಿರುವ ಬಿಳಿ ಕೀಟವೊಂದು ಕೂತಿದ್ದರೆ ಹೊಸಬರು ಬೇರೆ ಪ್ರಭೇದ ಸಿಕ್ಕಿತೆಂದು ಹಿಗ್ಗುತ್ತಾರೆ. ಅದು ಅದೇ ಜಾತಿಯ ಎಳೆಯದು, ಪೊರೆ ಬಿಟ್ಟು ಹೊರಬಂದು ಇನ್ನೂ ಬಣ್ಣ ಕಟ್ಟಿಲ್ಲ ಅಷ್ಟೆ.

ಎರಡು ಸೆಂಟಿಮೀಟರಿನ ಆಸುಪಾಸಿನ ಪಿಗ್ಮಿ ಡಾರ್ಟ್ಲೆಟ್ ಇನ್ನೂ ಸತಾಯಿಸುತ್ತದೆ. ಅದರ ಎಳೆಯ ಹೆಣ್ಣು ಕೆಂಪು, ಬಲಿತ ಹೆಣ್ಣು ಹಸಿರು, ವಯಸ್ಸಾದ ಗಂಡಿನ ಎದೆಯ ಮೇಲೆ ಬಿಳಿ ಪುಡಿಯ ಲೇಪ. ಇಶ್ನೂರಾ ಕುಲದಲ್ಲಂತೂ ಕೆಲವು ಹೆಣ್ಣುಗಳು ಗಂಡಿನ ಬಣ್ಣವನ್ನೇ ತೊಟ್ಟಿರುತ್ತವೆ. ಆದ್ದರಿಂದ ಪಳಗಿದವರು ಮೊದಲು ಬಣ್ಣ ನೋಡುವುದಿಲ್ಲ. ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ ಎಂದು ಕೇಳಿಕೊಳ್ಳುತ್ತಾರೆ. ಬಾಲವೆಂದು ನಾವು ಕರೆಯುವುದು ನಿಜಕ್ಕೂ ಹತ್ತು ಖಂಡಗಳ ಹೊಟ್ಟೆ. ಎರಡನೇ ಖಂಡದ ಅಡಿಯಲ್ಲಿ ಉಬ್ಬು ಕಂಡರೆ ಗಂಡು. ತುದಿಯ ಕೆಳಭಾಗ ದಪ್ಪವಾಗಿ ಮೊಟ್ಟೆಯಿಡುವ ಅಂಗ ಕಂಡರೆ ಹೆಣ್ಣು.

ಗಂಡಾಗಿದ್ದರೆ ಬಾಲದ ತುದಿಯಲ್ಲಿ ಕೊಕ್ಕೆಗಳಿರುತ್ತವೆ. ಕೂಡುವಾಗ ಗಂಡು ಈ ಕೊಕ್ಕೆಗಳಿಂದ ಹೆಣ್ಣಿನ ಕುತ್ತಿಗೆಯ ಹಿಂದಿನ ಭಾಗವನ್ನು ಹಿಡಿಯುತ್ತದೆ. ಅವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ, ತನ್ನ ಜಾತಿಯ ಹೆಣ್ಣಿಗೆ ಹೊಂದುವಂತೆ ರೂಪುಗೊಂಡದ್ದು. ವಯಸ್ಸಿನೊಂದಿಗೆ ಬಣ್ಣ ಬದಲಾದೀತು, ಕೊಕ್ಕೆಯ ಆಕಾರ ಬದಲಾಗದು. ಘಟ್ಟದ ಕಾಡಿನ ವೆಸ್ಟಾಲಿಸ್ ಗ್ರಾಸಿಲಿಸ್ ಮತ್ತು ವೆಸ್ಟಾಲಿಸ್ ಸಬ್‌ಮೊಂಟಾನಾ ಎರಡಕ್ಕೂ ಹೊಳೆವ ಹಸಿರು ಮೈ, ಕಲೆಯಿಲ್ಲದ ಪಾರದರ್ಶಕ ರೆಕ್ಕೆ. ಕಣ್ಣಳತೆಗೆ ಎರಡೂ ಒಂದೇ. ಕೊಕ್ಕೆ ಸ್ಪಷ್ಟವಾಗಿ ಕಂಡ ಚಿತ್ರವಿಲ್ಲದಿದ್ದರೆ ಬಲ್ಲವರೂ ‘ವೆಸ್ಟಾಲಿಸ್’ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ.

ಚಂದದ ಚಿತ್ರ, ಗುರುತಿನ ಚಿತ್ರ

ಸ್ಪರ್ಧೆಯಲ್ಲಿ ಬಹುಮಾನ ಪಡೆಯುವ ಡ್ಯಾಮ್ಸೆಲ್‌ಫ್ಲೈ ಚಿತ್ರ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು: ಎದುರಿನಿಂದ ತೆಗೆದ ಮುಖ, ಎರಡು ದುಂಡು ಕಣ್ಣು, ಮೈತುಂಬ ಇಬ್ಬನಿ, ಹಿಂದೆ ಕರಗಿಹೋದ ಹಸಿರು. ನೋಡಲು ಸೊಗಸು. ಆದರೆ ಅದರಲ್ಲಿ ಬಾಲವೇ ಮಸುಕು, ಹೀಗಾಗಿ ಹೆಸರು ಹೇಳಲು ಬರುವುದಿಲ್ಲ.

ಗುರುತಿಗೆ ಬೇಕಾದ ಚಿತ್ರಗಳು ಬೇರೆ. ಒಂದು, ಪಕ್ಕದಿಂದ ಇಡೀ ದೇಹ: ಎದೆಯ ಪಟ್ಟೆಗಳು, ಕಾಲಿನ ಬಣ್ಣ, ಎಂಟು–ಒಂಬತ್ತನೇ ಖಂಡಗಳ ನೀಲಿ ಎಲ್ಲಿಂದ ಎಲ್ಲಿಗಿದೆ ಎಂಬುದು ಇದರಲ್ಲಿ ಸಿಗುತ್ತದೆ. ಎರಡು, ಮೇಲಿನಿಂದ: ಕಣ್ಣುಗಳ ಹಿಂದಿನ ಚುಕ್ಕೆ, ಎರಡನೇ ಖಂಡದ ಬೆನ್ನ ಮೇಲಿನ ಕಪ್ಪು ಗುರುತು. ಮೂರು, ಬಾಲದ ತುದಿ, ಪಕ್ಕದಿಂದಲೂ ಮೇಲಿನಿಂದಲೂ. ನಾಲ್ಕನೆಯದು ಕೂತ ಜಾಗ, ನೀರು, ಗಿಡಗಳ ಒಂದು ಸಾಧಾರಣ ಚಿತ್ರ. ನಿಂತ ನೀರಿನ ಕೀಟ ಹರಿಯುವ ತೊರೆಯಲ್ಲಿ ಸಿಗುವುದು ಅಪರೂಪ. ಹಾಗಾಗಿ ನೆಲೆಯೂ ಅರ್ಧ ಉತ್ತರ ಹೇಳುತ್ತದೆ.

ಸಲಕರಣೆ ದೊಡ್ಡದಿರಬೇಕಿಲ್ಲ. 90ರಿಂದ 105 ಮಿ.ಮೀ. ಮ್ಯಾಕ್ರೊ ಲೆನ್ಸ್ ಅನುಕೂಲ. ಮೊಬೈಲ್‌ಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸಿನಿಂದಲೂ ಒಳ್ಳೆಯ ದಾಖಲೆ ಸಾಧ್ಯ. ಇಷ್ಟು ಹತ್ತಿರದಲ್ಲಿ ಫೋಕಸ್ ಆಗುವ ಆಳ ಕೆಲವೇ ಮಿಲಿಮೀಟರ್. ಕ್ಯಾಮೆರಾವನ್ನು ಕೀಟದ ಉದ್ದಕ್ಕೆ ಸಮಾನಾಂತರವಾಗಿ ಹಿಡಿದು, ಎಫ್ 8ರಿಂದ ಎಫ್ 11ರಷ್ಟು ದ್ಯುತಿರಂಧ್ರ ಇಟ್ಟುಕೊಂಡರೆ ಕಣ್ಣಿನಿಂದ ಕೊಕ್ಕೆಯವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. ಕತ್ತಲೆ ಕವಿದ ತೊರೆಗಳಲ್ಲಿ ಫ್ಲ್ಯಾಶ್ ಬೇಕೇಬೇಕು. ಅದರ ಮುಂದೆ ಬಿಳಿ ಹಾಳೆಯಂಥ ಡಿಫ್ಯೂಸರ್ ಇಲ್ಲದಿದ್ದರೆ ಲೋಹದಂತೆ ಹೊಳೆವ ಮೈ ಬೆಳಕು ಚೆಲ್ಲಿ ಪಟ್ಟೆಗಳೆಲ್ಲ ಅಳಿಸಿಹೋಗುತ್ತವೆ.

ಹತ್ತಿರ ಹೋಗುವುದೂ ಒಂದು ವಿದ್ಯೆ. ಬೆಳಗಿನ ತಂಪಿನಲ್ಲಿ ಕೀಟ ಮಂದವಾಗಿರುತ್ತದೆ. ತಗ್ಗಿ, ನಿಧಾನವಾಗಿ, ನಮ್ಮ ನೆರಳು ಅದರ ಮೇಲೆ ಬೀಳದಂತೆ ಸರಿಯಬೇಕು. ಅನುಮಾನ ಬಂದರೆ ಅದು ಹಾರುವ ಮೊದಲು ಕಡ್ಡಿಯ ಆಚೆ ಬದಿಗೆ ತಿರುಗಿ ಅಡಗುತ್ತದೆ. ದೂರ ದೂರ ಇರುವ ಎರಡು ಕಣ್ಣು ಮಾತ್ರ ಕಡ್ಡಿಯ ಇಕ್ಕೆಲದಲ್ಲಿ ಕಾಣುತ್ತವೆ. ಹಾರಿಹೋದರೆ ಬೆನ್ನಟ್ಟಬೇಕಿಲ್ಲ. ಬಹಳ ಸಲ ಅದೇ ಕಡ್ಡಿಗೆ ಮರಳುತ್ತದೆ.

ಕೂಡಿದ ಜೋಡಿ ಸಿಕ್ಕರೆ ಬಿಡಬಾರದು. ಹೆಣ್ಣನ್ನು ಗುರುತಿಸುವುದು ಗಂಡಿಗಿಂತ ಕಷ್ಟ. ಗುರುತು ಸಿಕ್ಕ ಗಂಡಿನ ಕೊಕ್ಕೆಯಲ್ಲಿರುವ ಹೆಣ್ಣಿನ ಬಗ್ಗೆ ಸಂಶಯ ಬಹಳ ಕಡಿಮೆ. ಹಲವು ಪ್ರಭೇದಗಳಲ್ಲಿ ಹೆಣ್ಣು ಗಿಡದ ಕಾಂಡ ಸೀಳಿ ಮೊಟ್ಟೆಯಿಡುವಾಗಲೂ ಗಂಡು ಹಿಡಿತ ಸಡಿಲಿಸುವುದಿಲ್ಲ. ಕಾರಣ ಪ್ರೀತಿಯಲ್ಲ, ಪೈಪೋಟಿ. ಇನ್ನೊಂದು ಗಂಡು ಹೆಣ್ಣಿನೊಡನೆ ಕೂಡಿದರೆ ಮೊದಲಿನದರ ವೀರ್ಯವನ್ನು ಹೊರತೆಗೆದು ತನ್ನದನ್ನು ತುಂಬುತ್ತದೆಂದು ಅಮೆರಿಕದ ಜೀವಶಾಸ್ತ್ರಜ್ಞ ಜೊನಾಥನ್ ವಾಗೆ 1979ರಲ್ಲಿ ತೋರಿಸಿಕೊಟ್ಟರು.

ತೊರೆಯ ಒಡವೆಗಳು

ಕೆರೆಯಲ್ಲಿ ಕೈ ಪಳಗಿದವರನ್ನು ಘಟ್ಟದ ತೊರೆ ಕರೆಯುತ್ತದೆ. ಇಂಬಳಕ್ಕೆ ಸಿದ್ಧರಾಗಿ ಹೋಗಬೇಕು. ನೀರ ನಡುವಿನ ಬಂಡೆಯ ಮೇಲೆ ಸ್ಟ್ರೀಮ್ ಗ್ಲೋರಿ ಕೂತಿರುತ್ತದೆ. ಕೂತಾಗ ಗಂಡಿನ ರೆಕ್ಕೆ ಕಂದು ಕಪ್ಪು; ಹಿಂದಿನ ರೆಕ್ಕೆಯ ಮೇಲ್ಮೈ ತೆರೆದಾಗ ಮಾತ್ರ ನವಿಲುಹಸಿರು ಮಿಂಚುತ್ತದೆ. ಆ ಕ್ಷಣಕ್ಕಾಗಿ ಗಂಟೆಗಟ್ಟಲೆ ಕಾಯುವವರಿದ್ದಾರೆ. ಕೊಡಗಿನಿಂದ ಉತ್ತರ ಕನ್ನಡದವರೆಗೆ ಸ್ಟ್ರೀಮ್ ರೂಬಿ, ಟಾರೆಂಟ್ ಡಾರ್ಟ್‌ಗಳಿವೆ. ಬಿಸಿಲು ನೆಲ ಮುಟ್ಟದ ಸಣ್ಣ ಝರಿಗಳ ಬದಿಯಲ್ಲಿ ಪ್ರೊಟೊಸ್ಟಿಕ್ಟಾ ಕುಲದ ರೀಡ್‌ಟೇಲ್‌ಗಳು ತೂಗಿಕೊಂಡಿರುತ್ತವೆ: ಎಳೆಯಷ್ಟು ತೆಳುವಾದ ಉದ್ದನೆಯ ಬಾಲ, ಕತ್ತಲೆಯಲ್ಲಿ ಬೆಳಗುವ ನೀಲಿ ಕಣ್ಣು.

ಈ ಕುಲಕ್ಕೆ ಹೊಸ ಸದಸ್ಯರು ಸೇರುತ್ತಲೇ ಇದ್ದಾರೆ. ಕೇರಳದಿಂದ 2023ರಲ್ಲಿ ವರ್ಣಿಸಲಾದ ಒಂದಕ್ಕೆ ಕೀಟಗಳ ಅಳಿವನ್ನು ನೆನಪಿಸಲೆಂದೇ ‘ಆರ್ಮಗೆಡನ್ ರೀಡ್‌ಟೇಲ್’ ಎಂದು ಹೆಸರಿಟ್ಟರು. ನಮ್ಮ ಸಂಪಾಜೆಯ ನೆರಳು ತುಂಬಿದ ತೊರೆಗಳಿಂದ ಈಚೆಗೆ ‘ಕೊಡಗು ಶ್ಯಾಡೋಡ್ಯಾಮ್ಸೆಲ್’ ಪಟ್ಟಿಗೆ ಸೇರಿತು. ಹತ್ತಿರದ ಪ್ರಭೇದಗಳಿಂದ ಇವನ್ನು ಬೇರ್ಪಡಿಸುವಾಗಲೂ ಕೊನೆಯ ಮಾತು ಕೊಕ್ಕೆಗಳದ್ದೇ.

ಈ ವಿದ್ಯೆಯ ಬುನಾದಿ ಹಾಕಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದ ವೈದ್ಯ ಎಫ್. ಸಿ. ಫ್ರೇಜರ್. ಕೊಡಗು, ನೀಲಗಿರಿಗಳಲ್ಲಿ ಬಲೆ ಹಿಡಿದು ಸುತ್ತಿದ ಅವರು 1933ರಿಂದ 1936ರ ನಡುವೆ ಭಾರತದ ಒಡೊನೇಟಾ ಕುರಿತ ಮೂರು ಸಂಪುಟಗಳನ್ನು ಹೊರತಂದರು. ಅವುಗಳ ಕೊಕ್ಕೆಯ ರೇಖಾಚಿತ್ರಗಳನ್ನು ಇಂದಿಗೂ ತೆರೆದು ನೋಡುತ್ತಾರೆ. ಸತ್ತ ಕೀಟದ ಬಣ್ಣ ಬೇಗ ಮಾಸುತ್ತದೆ. ಪೆಟ್ಟಿಗೆಯಲ್ಲಿ ಚುಚ್ಚಿಟ್ಟ ಮಾದರಿ ಆಕಾರವನ್ನಷ್ಟೇ ಉಳಿಸಿಕೊಳ್ಳುತ್ತದೆ. ಅದು ಕಳೆದುಕೊಂಡ ಬಣ್ಣ, ಕೂರುವ ರೀತಿ, ನೆಲೆ ಇವನ್ನು ಫೋಟೊ ಹಿಡಿದಿಡುತ್ತದೆ. ಕೆ. ಎ. ಸುಬ್ರಮಣಿಯನ್ ಅವರ ಕೈಪಿಡಿ 2005ರಲ್ಲಿ ಬೆಂಗಳೂರಿನಿಂದ ಹೊರಬಂದ ಮೇಲೆ ಹವ್ಯಾಸಿಗಳಿಗೆ ದಾರಿ ಸುಲಭವಾಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಆಸರೆಯಲ್ಲಿ ಬೆಳೆದ ‘ಒಡೊನೇಟಾ ಆಫ್ ಇಂಡಿಯಾ’ ಜಾಲತಾಣದಲ್ಲಿ ಈಗ ಹವ್ಯಾಸಿಗಳು ತೆಗೆದ ಚಿತ್ರಗಳು ಜಾಗ, ದಿನಾಂಕಗಳೊಡನೆ ಸೇರುತ್ತಿವೆ.

ಎಚ್ಚರಗಳು ಕೆಲವು

ಅಭಯಾರಣ್ಯ, ಮೀಸಲು ಅರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿತ್ರಕ್ಕೆ ಅಡ್ಡ ಬಂತೆಂದು ದಡದ ಗಿಡ ಮುರಿಯಬಾರದು. ಮೊಟ್ಟೆಗಳಿರುವುದು ಅವುಗಳ ಕಾಂಡದೊಳಗೇ. ಉತ್ತರ ಕನ್ನಡದ ರಾಮಪತ್ರೆ ಜಡ್ಡಿಗಳಂಥ ಜೌಗು ನೆಲೆಗಳಲ್ಲಿ ನಾಲ್ಕು ಜನ ಒಟ್ಟಿಗೆ ಓಡಾಡಿದರೂ ನೀರು ಕದಡುತ್ತದೆ. ಮರಿಗಳು ಆ ನೀರಿನಲ್ಲಿ, ಸಾಮಾನ್ಯವಾಗಿ ಬಾಲದ ತುದಿಯ ಮೂರು ಎಲೆಗಳಂಥ ಕಿವಿರುಗಳ ನೆರವಿನಿಂದ ಬದುಕುತ್ತಿರುತ್ತವೆ.

ನೀರು ಕೆಟ್ಟರೆ, ದಡದ ನೆರಳು ಹೋದರೆ ಮೊದಲು ಕಾಣೆಯಾಗುವುದು ತೊರೆಯ ಪ್ರಭೇದಗಳೇ. ಐಯುಸಿಎನ್ 2021ರಲ್ಲಿ ಜಗತ್ತಿನ 6,016 ಒಡೊನೇಟಾ ಪ್ರಭೇದಗಳನ್ನು ಪರಿಶೀಲಿಸಿ, ಶೇ 16ರಷ್ಟು ಅಳಿವಿನ ಅಪಾಯದಲ್ಲಿವೆ ಎಂದಿತು. ನಮ್ಮ ಊರಿನ ಕೆರೆಯಲ್ಲಿ ಏನು ಕಡಿಮೆಯಾಗಿದೆ ಎಂದು ಹೇಳಬೇಕಾದರೆ ಮೊದಲು ಏನಿತ್ತು ಎಂಬ ದಾಖಲೆ ಬೇಕು. ಅಪರೂಪದವಕ್ಕೆ ಹಂಬಲಿಸುವವರು ಬಹಳ. ಹಳದಿ ಬಾಲದ ಸಾಮಾನ್ಯ ಕೀಟವನ್ನು ದಿನಾಂಕದೊಡನೆ ಬರೆದಿಡುವವರು ಕಡಿಮೆ. ಮನೆಗೆ ಬಂದು ಚಿತ್ರಗಳನ್ನು ಸೋಸುವಾಗ ಇಬ್ಬನಿ ಹೊತ್ತ ಮುಖವನ್ನು ಗೋಡೆಗೆ ಹಾಕಿಕೊಳ್ಳಿ. ಆದರೆ ಚೌಕಟ್ಟು ಸೊಟ್ಟಗಿದ್ದರೂ ಬಾಲದ ತುದಿ ಕಾಣುವ ಆ ಇನ್ನೊಂದು ಚಿತ್ರವನ್ನು ಅಳಿಸಬೇಡಿ.